‘ಉದ್ಯೋಗ: ಗೃಹಿಣಿ’ – ಒಂದು ಡಿಮೆನ್ಷಿಯಾ ಪ್ರಕರಣ

ಈ ಪ್ರಕರಣ ಬರೆಯುತ್ತಿರುವುದು ಮುಖ್ಯವಾಗಿ ಕೇರ್‌ಗಿವರ್ ಕೆಲಸ ಕಲಿಯುತ್ತಿರುವವರಿಗೆ. ಮನೆಯಲ್ಲೇ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವವರಿಗೂ ಉಪಯೋಗವಾಗಬಹುದು. ಗುರುತು ಸಿಗಬಾರದು ಎಂದು ವಯಸ್ಸು, ಊರು, ಮಕ್ಕಳ ವಿವರ ಎಲ್ಲವನ್ನೂ ಅಷ್ಟಿಷ್ಟು ಬದಲಿಸಿದ್ದೇನೆ. ಸೀಮೆಯನ್ನು ಮಾತ್ರ ಬದಲಿಸಿಲ್ಲ, ಬದಲಿಸಿದರೆ ಪ್ರಕರಣವೇ ಅರ್ಥವಾಗುವುದಿಲ್ಲ. ಹೆಸರಿನ ಬದಲು ಅಜ್ಜಿ ಎಂದೇ ಬರೆಯುತ್ತೇನೆ. ಅಜ್ಜಿ ಇರುವ ಆರೈಕೆ ಮನೆಯ ಸಿಬ್ಬಂದಿಗೆ ನಾನು ತರಬೇತಿ ಕೊಡಲು ಹೋಗುತ್ತಿದ್ದವಳು. ಹಾಗಾಗಿ ಇದರಲ್ಲಿ ಕೆಲವು ಕಣ್ಣಾರೆ ಕಂಡಿದ್ದು, ಕೆಲವು ರಿಜಿಸ್ಟರಿನಲ್ಲಿ ಓದಿದ್ದು, ಇನ್ನು ಕೆಲವು ರಾತ್ರಿ ಡ್ಯೂಟಿಯವರ ಬಾಯಲ್ಲಿ ಕೇಳಿದ್ದು.

ಅಜ್ಜಿಗೆ 80ರ ಹತ್ತಿರ ವಯಸ್ಸು. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ. ಮನೆ ಮಾತು ತೆಲುಗು, ಹೊರಗೆ ಕನ್ನಡ, ಆ ಕಡೆ ಹಾಗೇ ಅಲ್ವಾ. ಯಜಮಾನರು ತೀರಿಕೊಂಡ ಮೇಲೆ ಮಗ ಬೆಂಗಳೂರಿಗೆ ಕರೆದುಕೊಂಡು ಬಂದರು. ಅಪಾರ್ಟ್‌ಮೆಂಟಿನಲ್ಲಿ ಇದ್ದಾಗಲೇ ಮರೆವು ಶುರುವಾಗಿ, ಆಲ್ಝೈಮರ್ (ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಗಳಲ್ಲಿ ಹೆಚ್ಚು ಕಂಡುಬರುವುದು) ಎಂದು ಗೊತ್ತಾಗಿ, ಮಾತ್ರೆಯೂ ಶುರುವಾಯಿತು. ಒಂದೆರಡು ವರ್ಷ ಹೇಗೋ ನಡೆಯಿತು. ಆಮೇಲೆ ನಡುರಾತ್ರಿ ಬಾಗಿಲು ತೆಗೆದು ಮೆಟ್ಟಿಲು ಇಳಿಯುವುದು, ವಾಚ್‌ಮನ್ ಹಿಡಿದು ತರುವುದು. ಸೊಸೆಗೆ ನಿದ್ದೆಯಿಲ್ಲ, ಬೆಳಗ್ಗೆ ಆಫೀಸು. ಕೊನೆಗೆ ಊರಾಚೆಯ ಒಂದು ಆರೈಕೆ ಮನೆಗೆ ಸೇರಿಸಿದರು. ಇದನ್ನು ಓದಿ ಮಗ ಸೊಸೆಯನ್ನು ಬೈಯುವವರು ಇರುತ್ತಾರೆ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4 ಜನರಿಗೆ, ಅಂದರೆ ಹತ್ತಿರ ಹತ್ತಿರ 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಬಹುಪಾಲು ಎಲ್ಲರನ್ನೂ ನೋಡಿಕೊಳ್ಳುತ್ತಿರುವುದು ಮನೆಯವರೇ. ಒಂದು ವಾರ ರಾತ್ರಿ ನಿದ್ದೆಗೆಟ್ಟು ನೋಡಿ, ಆಮೇಲೆ ಬೈಯಿರಿ.

ರಿಜಿಸ್ಟರಿನಲ್ಲಿ ಇದ್ದ ಅಜ್ಜಿ

ನಾನು ಮೊದಲು ನೋಡಿದ್ದು ಅಜ್ಜಿಯನ್ನಲ್ಲ, ಅಜ್ಜಿಯ ರಿಜಿಸ್ಟರನ್ನು. ‘ರಾತ್ರಿ 2ಕ್ಕೆ ಎದ್ದು ಓಡಾಟ.’ ‘ಮನಿ ಪ್ಲಾಂಟ್ ಎಲೆ ಕಿತ್ತು ಹಾಸಿಗೆ ಮೇಲೆ ಹಾಕಿದ್ದಾರೆ.’ ‘ಮಂಚದ ಕಾಲ ಹತ್ತಿರ ಮೂತ್ರ.’ ‘ಕಿಟಕಿ ತೆಗೆಯಲು ಬಿಡುವುದಿಲ್ಲ.’ ‘ರೂಮಿಗೆ ಹೋದರೆ ಕೂಗಾಡುತ್ತಾರೆ.’ ‘ಸ್ನಾನಕ್ಕೆ ಹೊಡೆದರು.’ ‘ಹಾಸಿಗೆಯಲ್ಲಿ ಹುಳ ಇದೆ ಎನ್ನುತ್ತಾರೆ. ಭ್ರಮೆ.’ ಪುಟಪುಟದಲ್ಲೂ ಇದ್ದ ಒಂದು ಸಾಲು: ‘ಸಹಕಾರ ಇಲ್ಲ.’

ಇದಕ್ಕೆಲ್ಲ ಅಲ್ಲಿಯವರು ಏನೂ ಮಾಡದೆ ಕೂತಿರಲಿಲ್ಲ. ಒಂದೊಂದಕ್ಕೂ ಒಂದೊಂದು ಉಪಾಯ ಹುಡುಕಿದ್ದರು, ಮತ್ತು ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯೆನಿಸುವಂಥವೇ. ಎಲೆ ಕೀಳುತ್ತಾರೆ, ಕುಂಡ ಎತ್ತಿಟ್ಟರು. ಮೂತ್ರ ಮಾಡಿಕೊಳ್ಳುತ್ತಾರೆ, ಡೈಪರ್ ಹಾಕಿದರು. ಹುಳ ಇದೆ ಎನ್ನುತ್ತಾರೆ, ತಿಗಣೆಯೋ ಏನೋ ಎಂದು ಔಷಧಿ ಹೊಡೆಸಿದರು. ಆ ರಾತ್ರಿ ಅಜ್ಜಿ ಬೆಳಗಿನವರೆಗೂ ಅತ್ತಿದ್ದಾರೆ. ಯಾಕೆ ಅತ್ತರು ಎಂದು ಯಾರಿಗೂ ಗೊತ್ತಾಗಲಿಲ್ಲ. ಔಷಧಿ ಹೊಡೆಸಿದ ಮೇಲೂ ಹುಳ ಹುಳ ಅಂದರೆ ಅದು ಭ್ರಮೆಯೇ ಇರಬೇಕು ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳಿ, ರಾತ್ರಿಗೆ ಕ್ವೆಟಿಯಾಪಿನ್ ಎಂಬ ಮನೋರೋಗದ (ಆಂಟಿಸೈಕೋಟಿಕ್) ಮಾತ್ರೆ ಸೇರಿತು, ಸ್ವಲ್ಪ ದಿನಕ್ಕೆ ಡೋಸ್ ಜಾಸ್ತಿಯಾಯಿತು. ಅಜ್ಜಿ ಹಗಲೆಲ್ಲ ತೂಕಡಿಸಿದರು. ಒಂದು ದಿನ ಬಾತ್‌ರೂಮಿನ ಹೊಸ್ತಿಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲ, ಅದೊಂದು ಪುಣ್ಯ.

ಇನ್ನೊಂದು ಉಪಾಯವೂ ನಡೆಯುತ್ತಿತ್ತು, ತಿದ್ದುವುದು. ‘ಅಜ್ಜಿ, ಇದು ನಿಮ್ಮೂರಲ್ಲ, ಬೆಂಗಳೂರು. ಯಜಮಾನರು ಹೋಗಿ ಎಷ್ಟು ವರ್ಷ ಆಯ್ತು, ಮರೆತ್ರಾ?’ ನಿಜ ಹೇಳುವುದು ಒಳ್ಳೆಯದು ಎಂಬ ನಂಬಿಕೆಯಿಂದಲೇ ಹೇಳುತ್ತಿದ್ದರು. ಆದರೆ ಸಾವಿನ ಸುದ್ದಿಯನ್ನು ನೆನಪಿಟ್ಟುಕೊಳ್ಳಲಾರದವರಿಗೆ ಪ್ರತಿ ಸಲವೂ ಅದು ಆಗಷ್ಟೇ ಬಂದ ಸುದ್ದಿ. ಅರ್ಧ ಗಂಟೆಗೆ ಸುದ್ದಿ ಮರೆಯುತ್ತಿತ್ತು, ಸಂಕಟ ಮಾತ್ರ ಊಟದ ಹೊತ್ತಿನವರೆಗೂ ಉಳಿಯುತ್ತಿತ್ತು. ಈ ಕಾಯಿಲೆಯಲ್ಲಿ ಹೀಗೇ ಆಗುತ್ತದೆ.

ನಾನು ತರಗತಿಯಲ್ಲಿ ಟಾಮ್ ಕಿಟ್‌ವುಡ್ ಬಗ್ಗೆ ಹೇಳುತ್ತಿದ್ದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದ್ದವರು. ಕಾಯಿಲೆ ಮಿದುಳಿನಲ್ಲಿ ಇದ್ದರೂ, ಸುತ್ತಲಿನವರು ಮಗುವಿನಂತೆ ಗದರಿಸುವುದು, ಅವಸರ ಮಾಡುವುದು, ಎದುರಲ್ಲೇ ಅವರಿಲ್ಲದಂತೆ ಮಾತಾಡುವುದು ಇವೂ ಆ ಮನುಷ್ಯನನ್ನು ಅಷ್ಟೇ ಕುಗ್ಗಿಸುತ್ತವೆ ಎಂದು ವಾದಿಸಿದವರು. ವ್ಯಕ್ತಿ ಕೇಂದ್ರಿತ ಆರೈಕೆ ಎಂದು ಇವತ್ತು ಎಲ್ಲರೂ ಹೇಳುವ ಮಾತಿಗೆ ತಳಪಾಯ ಹಾಕಿದ್ದು ಹೆಚ್ಚಾಗಿ ಅವರೇ. ಎಲ್ಲರೂ ತಲೆಯಾಡಿಸಿದರು. ರಾಯಚೂರು ಕಡೆಯ ಒಬ್ಬ ಹುಡುಗಿ, ರಾತ್ರಿ ಡ್ಯೂಟಿಯವಳು, ಕೈ ಎತ್ತಿ ಕೇಳಿದಳು: ‘ಮೇಡಂ, ರಾತ್ರಿ ನಾ ಒಬ್ಬಾಕಿ ಇರ್ತೀನಿ. ಹದಿನಾಲ್ಕು ಮಂದಿ ಅದಾರ. ಯಾರನ್ನಂತ ಕೇಂದ್ರದಾಗ ಇಡ್ಲಿ?’

ಒಳ್ಳೆ ಪ್ರಶ್ನೆ. ತರಬೇತಿ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಒಬ್ಬರನ್ನು ಆರಿಸಿಕೊಂಡು ನೋಡೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು, ಅವಳೇ ಅಜ್ಜಿಯನ್ನು ಆರಿಸಿದಳು. ಯಾಕೆ ಎಂದರೆ, ಅತಿ ಜಾಸ್ತಿ ತೊಂದರೆ ಕೊಡೋದು ಅವ್ವನೇ, ಅಂದಳು.

ಮೊದಲು ಮೈ, ಆಮೇಲೆ ಮನಸ್ಸು

ನಡವಳಿಕೆ ಬದಲಾದರೆ ಮೊದಲು ಮೈಯಲ್ಲಿ ಏನಾದರೂ ಆಗಿದೆಯಾ ನೋಡಬೇಕು. ಮೂತ್ರದ ಸೋಂಕು, ಮಲಬದ್ಧತೆ, ನೋವು, ಕಿವಿಯ ಗುಗ್ಗೆ, ಹೊಸ ಮಾತ್ರೆ, ಇವುಗಳಲ್ಲಿ ಯಾವುದು ಬೇಕಾದರೂ ಶಾಂತವಾಗಿದ್ದವರನ್ನು ಬೇರೆಯವರನ್ನಾಗಿ ಮಾಡಬಹುದು. ವಯಸ್ಸಾದವರ ಕಾಯಿಲೆಗಳ ತಜ್ಞ ಡಾಕ್ಟರೊಬ್ಬರು ಬಂದು ಅಜ್ಜಿಯನ್ನು ಪೂರ್ತಿ ನೋಡಿದರು. ಸೋಂಕು ಇರಲಿಲ್ಲ. ನಾಲ್ಕು ದಿನದಿಂದ ಮಲ ಆಗಿರಲಿಲ್ಲ. ಬಲ ಭುಜ ಎತ್ತಿದರೆ ಮುಖ ಕಿವುಚುತ್ತಿದ್ದರು, ಎರಡು ಮಂಡಿಯೂ ಊದಿದ್ದವು. ನೋವಿದೆಯಾ ಎಂದು ಕೇಳಿದರೆ ಮಾತ್ರ ‘ಏನಿಲ್ಲ’ ಅನ್ನುತ್ತಿದ್ದರು. ಈ ಹಂತದಲ್ಲಿ ಬಾಯಿಗಿಂತ ಮುಖವನ್ನೇ ನಂಬಬೇಕು.

ಡಾಕ್ಟರು ಮಲಬದ್ಧತೆಗೆ ಔಷಧಿ ಕೊಟ್ಟು, ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಡಲು ಹೇಳಿ, ಕ್ವೆಟಿಯಾಪಿನ್ ಅನ್ನು ನಿಧಾನವಾಗಿ ಇಳಿಸುವ ಯೋಜನೆ ಹಾಕಿದರು. ಈ ಗುಂಪಿನ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಔಷಧಿಯ ಮಾಹಿತಿ ಪತ್ರದಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಹಾಗಂತ ಇದನ್ನು ಓದಿ ಯಾರೂ ಸುಮ್ನೆ ತಾವೇ ಮಾತ್ರೆ ನಿಲ್ಲಿಸಬೇಡಿ. ಕೆಲವರಿಗೆ ಸ್ವಲ್ಪ ಕಾಲ ಬೇಕೇ ಬೇಕಾಗುತ್ತದೆ, ನಿಲ್ಲಿಸುವುದಕ್ಕೂ ಕ್ರಮ ಇದೆ.

ತೂಕಡಿಕೆ ಕಡಿಮೆಯಾಯಿತು. ರಾತ್ರಿ ಓಡಾಟ ಮತ್ತೆ ಜಾಸ್ತಿಯಾಯಿತು. ಸಿಬ್ಬಂದಿಯಲ್ಲಿ ಅರ್ಧ ಜನ ನನ್ನನ್ನು ಶತ್ರುವಿನಂತೆ ನೋಡಿದರು.

ತಂಗಿ ಬಂದ ದಿನ

ತಿರುವು ಬಂದಿದ್ದು ಯಾವ ತಜ್ಞರಿಂದಲೂ ಅಲ್ಲ. ಅಜ್ಜಿಯ ತಂಗಿ ಊರಿಂದ ನೋಡಲು ಬಂದಿದ್ದರು. ಅಷ್ಟರಲ್ಲಿ ಕುಂಡಗಳನ್ನು ಮತ್ತೆ ಹೊರಗೆ ಇಟ್ಟಿದ್ದರು. ಹಾಸಿಗೆ ತುಂಬ ಎಲೆ, ಸಾಲಾಗಿ, ಒಂದರ ಮೇಲೊಂದು ಬೀಳದ ಹಾಗೆ. ಆಯಾ ಸಂಕೋಚದಿಂದ ಬಾಚಲು ಹೋದರೆ ತಂಗಿ ನಕ್ಕುಬಿಟ್ಟರು. ‘ಬಿಡಮ್ಮ, ಅಕ್ಕ ಹುಳಕ್ಕೆ ಸೊಪ್ಪು ಹಾಕ್ತಾವ್ಳೆ.’

ಆಮೇಲೆ ಎಲ್ಲ ಒಂದೊಂದೇ ಬಿಚ್ಚಿಕೊಂಡಿತು. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಮೈಯಲ್ಲಿ ಕಸುವಿರುವ ತನಕ ರೇಷ್ಮೆ ಹುಳು ಸಾಕಿದವರು. ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಪೊರೆ ಬಿಟ್ಟು, ಏಳುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಅದರ ಹಸಿವು ನೋಡಬೇಕು, ಒಟ್ಟು ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಜಾಸ್ತಿ ಆ ಒಂದೇ ವಾರದಲ್ಲಿ ತಿನ್ನುತ್ತದೆ. ತಟ್ಟೆಯಲ್ಲಿ ಸಾಕುತ್ತಿದ್ದ ಕಾಲದಲ್ಲಿ ನಡುರಾತ್ರಿ ಎದ್ದು ಸೊಪ್ಪು ಹಾಕಲೇಬೇಕಿತ್ತು. ತಟ್ಟೆ ಇಡುವ ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತಬಾರದು ಎಂದು ನೀರಿನ ಬಟ್ಟಲು ಇಡುತ್ತಾರೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದ ಮೇಲೆ ಕಿಟಕಿ ಬಾಗಿಲಿಗೆ ಬಲೆ, ಪರದೆ. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಟ್ಟರೆ ಅದರ ಮರಿ ಹುಳುವನ್ನು ಒಳಗಿನಿಂದಲೇ ತಿಂದು ಹಾಕುತ್ತದೆ. ಹೊರಗಿನವರನ್ನು ಹುಳದ ಮನೆಗೆ ಬಿಟ್ಟುಕೊಳ್ಳುವುದಿಲ್ಲ, ಸೋಂಕು ಬರುತ್ತದೆ. ಕೀಟನಾಶಕ ತಾಗಿದರಂತೂ ಇಡೀ ಬೆಳೆ ಹೋಯಿತು.

ಈಗ ರಿಜಿಸ್ಟರನ್ನು ಇನ್ನೊಂದು ಸಲ ಓದಿ. ಎರಡು ಗಂಟೆಯ ಓಡಾಟ, ಎಲೆ, ಮುಚ್ಚಿದ ಕಿಟಕಿ, ಬಂದವರ ಮೇಲೆ ಕೂಗಾಟ. ಮಂಚದ ಕಾಲ ಹತ್ತಿರದ್ದು ಮೂತ್ರವೇ ಅಲ್ಲ, ಕುಡಿಯುವ ಲೋಟದಿಂದ ಸುರಿದ ನೀರು. ಅದನ್ನು ಯಾರೂ ಮೂಸಿ ಕೂಡ ನೋಡಿರಲಿಲ್ಲ. ಆ ನೀರಿಗೆ ಅಜ್ಜಿ ತಿಂಗಳುಗಟ್ಟಲೆ ಡೈಪರ್ ಕಟ್ಟಿಕೊಂಡಿದ್ದರು. ಔಷಧಿ ಹೊಡೆಸಿದ ರಾತ್ರಿ ಯಾಕೆ ಅತ್ತರು ಎಂಬುದಕ್ಕೂ ಆಗ ಉತ್ತರ ಸಿಕ್ಕಿತು.

ಸೇರಿಸುವಾಗ ತುಂಬಿದ ಫಾರಂ ತೆಗೆದು ನೋಡಿದೆವು. ‘ಉದ್ಯೋಗ: ಗೃಹಿಣಿ.’ ಮಗ ತುಂಬಿದ್ದು. ಸುಳ್ಳು ಬರೆಯಬೇಕೆಂದು ಬರೆದಿದ್ದಲ್ಲ. ಜಮೀನು ಅಪ್ಪನ ಹೆಸರಲ್ಲಿ, ಗೂಡು ಮಾರ್ಕೆಟ್ಟಿಗೆ ಒಯ್ಯುತ್ತಿದ್ದುದು ಅಪ್ಪ, ದುಡ್ಡು ಎಣಿಸಿಕೊಂಡಿದ್ದೂ ಅಪ್ಪ. ರಾತ್ರಿ ಎದ್ದು ಸೊಪ್ಪು ಹಾಕಿದ್ದು ಯಾವ ಲೆಕ್ಕದಲ್ಲೂ ಇಲ್ಲ. ನಮ್ಮ ಹೆಂಗಸರ ಫಾರಂಗಳಲ್ಲಿ ಎಷ್ಟೊಂದು ಕೆಲಸ ಈ ಒಂದು ಪದದಲ್ಲಿ ಹೂತು ಹೋಗುತ್ತದೋ.

ಸೊಪ್ಪು ತಂದೆವು, ಕೆಟ್ಟಿತು

ಇಲ್ಲಿಗೆ ಮುಗಿದಿದ್ದರೆ ಚೆಂದದ ಕಥೆ. ಸಾಮಾನ್ಯವಾಗಿ ಇಂಥ ಪ್ರಕರಣಗಳನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಹಳೆಯ ಕೆಲಸ ಗೊತ್ತಾಯಿತು, ಅದಕ್ಕೆ ಸಂಬಂಧಿಸಿದ ಸಾಮಾನು ಕೊಟ್ಟೆವು, ಸರಿಹೋಯಿತು ಎಂದು. ನಮ್ಮಲ್ಲೂ ಎಲ್ಲರಿಗೂ ಉತ್ಸಾಹ ಬಂತು. ಯಾರೋ ಹಿಪ್ಪುನೇರಳೆ ಸೊಪ್ಪು ತಂದರು, ಒಂದು ಬಿದಿರಿನ ತಟ್ಟೆಯೂ ಸಿಕ್ಕಿತು. ಮೊದಲ ರಾತ್ರಿ ಅದ್ಭುತ. ಅಜ್ಜಿ ಸೊಪ್ಪು ಹರಡಿದರು, ಮಲಗಿದರು. ಬೆಳಗ್ಗೆ ಎದ್ದು ತಟ್ಟೆ ನೋಡಿದರು. ಸೊಪ್ಪು ಹಾಕಿದ ಹಾಗೇ ಬಾಡಿ ಬಿದ್ದಿದೆ, ಒಂದೆಲೆಯೂ ಕಡಿದಿಲ್ಲ. ಸಾಕಿದವರಿಗೆ ಅದರ ಅರ್ಥ ಒಂದೇ, ಹುಳು ಸತ್ತಿವೆ. ಅವತ್ತು ಅಜ್ಜಿ ಊಟ ಮುಟ್ಟಲಿಲ್ಲ. ಸಾಲ ಹೇಗೆ ತೀರಿಸೋದು ಎಂದು ತೆಲುಗಿನಲ್ಲಿ ಗೋಳಾಡಿದರಂತೆ, ಅಡುಗೆಯವರು ಕೇಳಿ ಹೇಳಿದರು.

ನಿಜವಾದ ಹುಳುವನ್ನೇ ತರೋಣ ಎಂದು ಒಬ್ಬರು ಸೂಚಿಸಿದರು. ತುಂಬ ಹೊತ್ತು ಚರ್ಚೆಯಾಯಿತು. ಹುಳು ತಂದರೆ ದಿನವೂ ತಾಜಾ ಸೊಪ್ಪು ಬೇಕು, ಸತ್ತರೆ ನಿಜವಾಗಿಯೂ ಸಾಯುತ್ತವೆ, ಗೂಡು ಕಟ್ಟಿದ ಮೇಲೆ ಏನು ಮಾಡುವುದು? ಬೇಡ ಎಂದಾಯಿತು. ಈ ತೀರ್ಮಾನ ಸರಿ ಎಂದೇ ನನಗೆ ಈಗಲೂ ಅನಿಸುತ್ತದೆ. ಆ ಹಳೆಯ ಕೆಲಸ ಅಜ್ಜಿಗೆ ಬರೀ ಸವಿನೆನಪಾಗಿರಲಿಲ್ಲ. ಅದರಲ್ಲಿ ಸಾಲ ಇತ್ತು, ಭಯ ಇತ್ತು, ಬೆಳೆ ಕೈಕೊಟ್ಟ ವರ್ಷಗಳಿದ್ದವು. ತಟ್ಟೆ ಮುಂದಿಟ್ಟು ನಾವು ಅದೆಲ್ಲವನ್ನೂ ಎಬ್ಬಿಸಿದ್ದೆವು.

ದಾರಿ ತೋರಿಸಿದ್ದು ರಾಯಚೂರಿನ ಹುಡುಗಿ. ಅವಳಿಗೆ ರೇಷ್ಮೆಯ ಗಂಧವೂ ಇಲ್ಲ, ಅವಳ ಕಡೆ ಹತ್ತಿ, ಜೋಳ. ಹಾಗಾಗಿ ಅವಳು ನಟಿಸಲು ಹೋಗದೆ ಸೀದಾ ಕೇಳುತ್ತಿದ್ದಳು. ‘ಅವ್ವಾ, ನನಗ ಗೊತ್ತಿಲ್ಲ, ಏನ್ ಮಾಡ್ಬೇಕು ಹೇಳು.’ ಅಜ್ಜಿ ಬೈಯುತ್ತಲೇ ಹೇಳಿಕೊಡುತ್ತಿದ್ದರು. ಸೊಪ್ಪು ಒದ್ದೆ ಇರಬಾರದು. ಕೈ ತೊಳೆದು ಮುಟ್ಟು. ಈಗ ಜ್ವರದಲ್ಲಿವೆ, ಏನೂ ಹಾಕಬೇಡ, ಹೋಗಿ ಮಲಗು. ಆ ‘ಹೋಗಿ ಮಲಗು’ ಬಂದರೆ ಹತ್ತು ನಿಮಿಷಕ್ಕೆ ತಾವೂ ಮಲಗುತ್ತಿದ್ದರು. ಅಜ್ಜಿಗೆ ಬೇಕಾಗಿದ್ದು ಹುಳುವಲ್ಲ, ಹುಳದ ಮನೆಯ ಯಜಮಾನಿಕೆ. ನಿಗಾ ವಹಿಸಿದ್ದೇನೆ, ನನ್ನ ಮಾತು ನಡೆಯುತ್ತದೆ, ಇನ್ನು ಮಲಗಬಹುದು ಎಂಬ ಸಮಾಧಾನ.

ಇದು ಸುಳ್ಳಿಗೆ ಸೊಪ್ಪು ಹಾಕಿದಂತೆ ಆಗುವುದಿಲ್ಲವಾ ಎಂದು ಹಿರಿಯ ಸಿಸ್ಟರ್ ಒಬ್ಬರು ಕೇಳಿದರು. ನ್ಯಾಯವಾದ ಅನುಮಾನ. ಕೊನೆಗೆ ಒಪ್ಪಿದ್ದು ಇಷ್ಟು: ನಾವಾಗಿ ಸುಳ್ಳು ಹುಟ್ಟಿಸುವುದಿಲ್ಲ, ‘ಹುಳು ಚೆನ್ನಾಗಿವೆ’ ಎಂದು ಹೇಳುವುದಿಲ್ಲ. ಅಜ್ಜಿ ಹೇಳಿದ್ದನ್ನು ಅಲ್ಲಗಳೆಯುವುದೂ ಇಲ್ಲ. ಕೇಳುತ್ತೇವೆ, ಅವರು ಹೇಳಿದಂತೆ ಮಾಡುತ್ತೇವೆ. ಯಜಮಾನರ ಬಗ್ಗೆ ಕೇಳಿದರೆ ‘ಅವರು ಹೇಗಿದ್ದರು, ಹೇಳಿ’ ಎನ್ನುತ್ತೇವೆ. ಎಲ್ಲ ಪ್ರಶ್ನೆಗೂ ಈ ನಿಯಮ ಸಾಲುವುದಿಲ್ಲ, ಆದರೂ ಅಲ್ಲಿನವರಿಗೆ ಹಿಡಿದುಕೊಳ್ಳಲು ಒಂದು ಗೆರೆ ಸಿಕ್ಕಿತು.

ಸ್ನಾನ, ಸೊಪ್ಪು, ಮಗ

ಸ್ನಾನದ ಜಗಳಕ್ಕೂ ರೇಷ್ಮೆಗೂ ಸಂಬಂಧ ಇರಲಿಲ್ಲ. ಎಲ್ಲಕ್ಕೂ ಒಂದೇ ಕೀಲಿ ಸಿಕ್ಕಿತು ಅಂದುಕೊಂಡವರಿಗೆ ಇದು ಸ್ವಲ್ಪ ನಿರಾಸೆ. ಬೆಳಗ್ಗೆ 6ಕ್ಕೆ, ಚಳಿಯಲ್ಲಿ, ಹಿಂದಿನಿಂದ ತಲೆ ಮೇಲೆ ಶವರ್ ಬಿಟ್ಟು, ನೋಯುವ ಭುಜ ಎತ್ತಿಸಿದರೆ ಯಾರಾದರೂ ಹೊಡೆಯುತ್ತಾರೆ. ನಾನಾದರೂ ಹೊಡೆಯುತ್ತೇನೆ. ಸ್ನಾನವನ್ನು 11 ಗಂಟೆಗೆ ಹಾಕಿದರು. ಪ್ಯಾರಾಸಿಟಮಾಲ್ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು. ಶವರ್ ಬದಲು ಬಕೆಟ್ಟು, ಅಜ್ಜಿಯ ಕೈಗೇ ಚೊಂಬು. ಕೂರಲು ಸ್ಟೂಲು, ಹೆಗಲ ಮೇಲೆ ಟವೆಲು, ನೀರು ಮೊದಲು ಕಾಲಿಗೆ. ತಲೆಸ್ನಾನ ಬೇರೆ ದಿನ. ಸೀರೆ ಉಟ್ಟು ಬೆಳೆದವರಿಗೆ ಇಬ್ಬರ ಎದುರು ಬೆತ್ತಲೆ ನಿಲ್ಲುವುದೇ ದೊಡ್ಡ ಹಿಂಸೆ, ಹಾಗಾಗಿ ಒಬ್ಬಳೇ ಒಳಗೆ. ಹೊಡೆತ ಪೂರ್ತಿ ನಿಲ್ಲಲಿಲ್ಲ, ಅಪರೂಪವಾಯಿತು. ಹಗಲು ಹೊತ್ತು ಡೈಪರ್ ಹಾಕುವುದನ್ನು ಬಿಟ್ಟು, ಊಟ ತಿಂಡಿಯ ಮುಂಚೆ ನಂತರ ಬಾತ್‌ರೂಮಿಗೆ ಕರೆದುಕೊಂಡು ಹೋಗುವ ರೂಢಿ ಮಾಡಿದರು.

ಹಗಲಿಗೆ ಒಂದು ನಿಜವಾದ ಕೆಲಸ ಬೇಕಿತ್ತು. ಅಡುಗೆಮನೆಗೆ ದಿನವೂ ದಂಟು, ಮೆಂತ್ಯ, ಸಬ್ಬಸಿಗೆ ಬರುತ್ತದೆ. ಸೊಪ್ಪು ಬಿಡಿಸಲು ಕೂರಿಸೋಣ ಎಂದರೆ ಅಡುಗೆ ಉಸ್ತುವಾರಿಯವರು ಒಪ್ಪಲಿಲ್ಲ, ಸ್ವಚ್ಛತೆಯ ಪ್ರಶ್ನೆ. ಕೈ ತೊಳೆಸಿ ಕೂರಿಸುವುದು, ಆಮೇಲೆ ಸೊಪ್ಪನ್ನು ಇನ್ನೊಮ್ಮೆ ತೊಳೆಯುವುದು ಎಂದ ಮೇಲೆ ಒಪ್ಪಿದರು. ಅಜ್ಜಿ ಒಂದೊಂದು ಎಲೆಯನ್ನೂ ಸೆರಗಿನಲ್ಲಿ ಒರೆಸಿ ಒಣಗಿಸಿ ಇಡುತ್ತಿದ್ದರು. ಒಂದು ಕಟ್ಟಿಗೆ ಒಂದು ಗಂಟೆ. ಅಡುಗೆಯವರು ತಲೆ ಚಚ್ಚಿಕೊಂಡರು. ಆದರೆ ಆ ಒಂದು ಗಂಟೆ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ, ಬೇಯಿಸಿದ್ದನ್ನು ‘ನಾನು ಬಿಡಿಸಿದ್ದು’ ಎಂದು ತಿನ್ನುತ್ತಿದ್ದರು. ಇಲ್ಲಿ ಕೆಲಸಕ್ಕೆ ಕೊನೆ ಇತ್ತು, ಸೊಪ್ಪು ಸಾರಾಗುತ್ತಿತ್ತು. ಹಿಪ್ಪುನೇರಳೆ ತಟ್ಟೆಗೂ ಇದಕ್ಕೂ ಇದ್ದ ವ್ಯತ್ಯಾಸ ಅದೇ ಇರಬೇಕು.

ಮಗನಿಗೆ ಗೊತ್ತಾಗಿ ಸಿಟ್ಟು ಬಂತು. ತಿಂಗಳಿಗೆ ಇಷ್ಟು ದುಡ್ಡು ಕೊಟ್ಟು ಅಮ್ಮನ ಕೈಲಿ ಸೊಪ್ಪು ಬಿಡಿಸ್ತೀರಾ? ವಾದ ಮಾಡುವ ಬದಲು, ಒಂದು ಬೆಳಗ್ಗೆ 10ಕ್ಕೆ ಬಂದು ಪಕ್ಕದಲ್ಲಿ ಕೂರಿ ಎಂದು ಮ್ಯಾನೇಜರ್ ಹೇಳಿದರು. ಬಂದರು. ಅಜ್ಜಿಗೆ ಮಗನ ಗುರುತು ಹತ್ತಲಿಲ್ಲ, ಆದರೆ ‘ಸುಮ್ನೆ ಕೂತ್ಕೊಂಡು ಏನ್ ನೋಡ್ತೀಯಾ, ಕೈ ತೊಳ್ಕೊಂಡು ಬಾ’ ಎಂದು ಗದರಿದರು. ಅವರು ತೊಳೆದುಕೊಂಡು ಬಂದು ಕೂತರು. ಹೋಗುವಾಗ ಆಗಲಿ ಎಂದರು, ಒಂದೇ ಷರತ್ತು, ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ, ನೆಂಟರು ನೂರು ಮಾತಾಡುತ್ತಾರೆ.

ಉಳಿದಿದ್ದು

ಕಾಯಿಲೆ ನಿಂತಿಲ್ಲ, ನಿಲ್ಲುವುದೂ ಇಲ್ಲ. ಈಗ ಕನ್ನಡ ಬಹುಪಾಲು ಹೋಗಿದೆ, ತೆಲುಗು ಅಷ್ಟಿಷ್ಟು ಉಳಿದಿದೆ. ಹೊಸಬರು ರೂಮಿಗೆ ಬಂದರೆ ಇವತ್ತಿಗೂ ಕೂಗುತ್ತಾರೆ. ಕ್ವೆಟಿಯಾಪಿನ್ ಪೂರ್ತಿ ನಿಂತಿದೆ, ಅಜ್ಜಿ ಮತ್ತೆ ಬಿದ್ದಿಲ್ಲ.

ನಡುವೆ ರಾಯಚೂರಿನ ಹುಡುಗಿಯನ್ನು ಮೇಲಿನ ಮಹಡಿಗೆ ಹಾಕಿದರು, ಅಲ್ಲಿ ಜನ ಕಡಿಮೆ ಇದ್ದರು. ಒಂದು ವಾರದೊಳಗೆ ರಿಜಿಸ್ಟರಿನಲ್ಲಿ ‘ಸಹಕಾರ ಇಲ್ಲ’ ವಾಪಸ್ ಬಂತು. ಅವಳು ಕಲಿತಿದ್ದೆಲ್ಲ ಅವಳ ತಲೆಯಲ್ಲೇ ಇತ್ತು, ಬರೆದಿಟ್ಟಿರಲಿಲ್ಲ. ಆಮೇಲೆ ಅವಳನ್ನೇ ಕೂರಿಸಿ ಒಂದು ಪುಟ ಬರೆಸಿದರು: ನೀರು ಮಂಚದ ಕಾಲಿಗೆ ಹಾಕಿದರೆ ಬೈಯಬೇಡಿ, ಬಟ್ಟೆ ಹಾಕಿ ಒರೆಸಿ, ಜಾರುತ್ತದೆ. ಒಳಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿ. ರೂಮಿನಲ್ಲಿ ಸೊಳ್ಳೆ ಔಷಧಿ ಹೊಡೆಯಬೇಡಿ, ಸೊಳ್ಳೆ ಪರದೆ ಕಟ್ಟಿ. ಆ ಪುಟ ಬಾಗಿಲ ಒಳಬದಿಗೆ ಅಂಟಿದೆ, ನನ್ನ ತರಬೇತಿಯ ಎಲ್ಲ ಸ್ಲೈಡುಗಳಿಗಿಂತ ಉಪಯೋಗದ್ದು.

ಸೇರಿಸುವ ಫಾರಂನಲ್ಲಿ ಉದ್ಯೋಗದ ಕಾಲಂ ಈಗಲೂ ಇದೆ. ಅದರ ಕೆಳಗೆ ಕೆಲವು ಪ್ರಶ್ನೆ ಸೇರಿಸಿದ್ದಾರೆ. ನಲವತ್ತನೇ ವಯಸ್ಸಿನಲ್ಲಿ ಬೆಳಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು? ರಾತ್ರಿ ಏಳಬೇಕಾದ ಕೆಲಸ ಏನಾದರೂ ಇತ್ತಾ? ಯಾವುದಕ್ಕೆ ಹೆದರುತ್ತಿದ್ದರು? ಸ್ನಾನ ಯಾವ ಹೊತ್ತಿಗೆ, ಯಾವ ನೀರಲ್ಲಿ? ಕಷ್ಟದಲ್ಲಿ ಯಾವ ಭಾಷೆಯಲ್ಲಿ ಅಳುತ್ತಾರೆ? ಮಕ್ಕಳಿಗೆ ಗೊತ್ತಿಲ್ಲದಿದ್ದರೆ ತಂಗಿ, ತಮ್ಮ, ಹಳೆಯ ನೆರೆಯವರು ಯಾರಿದ್ದಾರೆ, ಅವರ ನಂಬರ್ ಕೊಡಿ.

ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ ಅಷ್ಟೇ. ಅಜ್ಜಿ ನೆಮ್ಮದಿಯಾಗಿ ಮಲಗಿದ ಮೇಲೆ ಉಳಿದ ಹದಿಮೂರು ಜನಕ್ಕೆ ಅವಳಿಗೆ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತಿತ್ತು, ಅದು ನಿಜ. ಆದರೆ ರಾತ್ರಿಗೆ ಇನ್ನೊಬ್ಬರನ್ನು ಹಾಕಿ ಎಂದು ಕೇಳಿದ್ದಕ್ಕೆ ಮ್ಯಾನೇಜ್‌ಮೆಂಟ್ ಒಪ್ಪಿದ್ದು 10ರಿಂದ 3ರವರೆಗೆ ಮಾತ್ರ, ಅದೂ ವಾರದಲ್ಲಿ ನಾಲ್ಕು ದಿನ. ಮಿಕ್ಕ ಮೂರು ರಾತ್ರಿಯ ರಿಜಿಸ್ಟರನ್ನು ಬೇರೆಯಾಗಿ ಇಡಲು ಹೇಳಿದ್ದೇನೆ. ಮುಂದಿನ ಸಲ ಕೇಳುವಾಗ ಎರಡನ್ನೂ ಅವರ ಮೇಜಿನ ಮೇಲೆ ಪಕ್ಕಪಕ್ಕ ಇಡಬೇಕು.